ಬುಧವಾರದ ಬುಟ್ಟಿ

"ಗುರುಗಳೇ, ಬುಟ್ಟಿ ತುಂಬಿಸಿಕೊಂಡ ಜನ ಹಣ ಕೊಡುವ ಹೊತ್ತಿಗೆ ಯಾಕೆ ಹೊರಟುಹೋಗುತ್ತಾರೆ?"

ಕೇಳಿದವನು ಆಶ್ರಮದ ಆನ್‌ಲೈನ್ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ಅಂಗಡಿ ದೊಡ್ಡದೇನಲ್ಲ. ಆಶ್ರಮದಲ್ಲಿ ತಯಾರಾಗುವ ಹಲ್ಲುಪುಡಿ, ತಲೆಗೆ ಹಚ್ಚುವ ಎಣ್ಣೆ, ಗುರುಗಳ ಉಪನ್ಯಾಸದ ಏಳೆಂಟು ಪುಸ್ತಕ, ಅಷ್ಟೇ. ಅವನ ಕೈಯಲ್ಲಿ, ಜನ ಸಾಮಾನು ಆರಿಸಿಡುವ ಬುಟ್ಟಿ ಮತ್ತು ಹಣ ಕಟ್ಟುವ ವ್ಯವಸ್ಥೆ ಮಾಡಿಕೊಡುವ ಮೂರು ಕಂಪನಿಗಳ ಕಾಗದಗಳಿದ್ದವು. ಒಂದರ ಬುಟ್ಟಿ ಅಗ್ಗ. ಇನ್ನೊಂದರದು ನೋಡಲು ಚಂದ. ಮತ್ತೊಂದರಲ್ಲಿ ಹಣ ಕಟ್ಟಲು ಹನ್ನೊಂದು ದಾರಿ. ಇವುಗಳಲ್ಲಿ ಯಾವುದನ್ನು ಆರಿಸಿದರೆ ಜನ ಅರ್ಧದಲ್ಲಿ ಎದ್ದು ಹೋಗುವುದಿಲ್ಲ ಎಂಬುದು ಅವನ ಚಿಂತೆ.

ಗುರುಗಳು ಕಾಗದಗಳನ್ನು ಈಸಿಕೊಂಡು ಮೂರನ್ನೂ ಮೊದಲಿನಿಂದ ಕೊನೆಯ ತನಕ ಓದಿದರು. ಸಣ್ಣ ಅಕ್ಷರದ ಷರತ್ತುಗಳನ್ನೂ ಬಿಡಲಿಲ್ಲ.

"ಮೂರೂ ಚೆನ್ನಾಗಿವೆ," ಎಂದರು. "ಕೂತುಕೋ. ಒಬ್ಬ ವರ್ತಕನ ಸಂಗತಿ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಶಿಷ್ಯ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನ ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಅವನದು ಅಡುಗೆಮನೆಯ ಸಾಮಾನಿನ ಅಂಗಡಿ. ತುರಿಮಣೆ, ಈಳಿಗೆಮಣೆ, ಚಕ್ಕುಲಿ ಒರಳು, ಪಡ್ಡಿನ ಹಂಚು, ಕಡಗೋಲು, ಮರದ ಸೌಟು. ಪ್ಲಾಸ್ಟಿಕ್ಕನ್ನು ಅವನು ಅಂಗಡಿಯ ಒಳಗೆ ಬಿಟ್ಟುಕೊಂಡವನಲ್ಲ. ಸಾಮಾನು ಗಟ್ಟಿ, ಮಾತು ಕಡಿಮೆ. ಗಿರಾಕಿ ಬೆಲೆ ಕೇಳಿದರೆ ಹೇಳುತ್ತಿದ್ದ. ಹೆಚ್ಚಾಯಿತು ಎಂದರೆ ಸುಮ್ಮನಿರುತ್ತಿದ್ದ. ಎದ್ದು ಹೊರಟರೆ ಹೊರಡಲು ಬಿಡುತ್ತಿದ್ದ.

ಅವನ ಹೆಂಡತಿ ಹಾಲಮ್ಮ. ಅವಳೂ ಅಂಗಡಿಯಲ್ಲೇ ಕೂರುತ್ತಿದ್ದಳು. ಪೇಟೆಯ ರೀತಿ ನಿನಗೆ ಗೊತ್ತಿರಬೇಕು, ಸಂತೆಯ ಊರಿನಿಂದ ಬಂದವನು ನೀನು. ಸಾಮಾನು ಮನಸ್ಸಿಗೆ ಬಂದ ಹೆಂಗಸು ಅದನ್ನು ಕೆಳಗಿಟ್ಟು, "ಬೇಡ ಬಿಡಿ" ಎಂದು ಮೆಟ್ಟಿಲಿಳಿಯುತ್ತಾಳೆ. ಇಳಿದವಳು ಬೇಗ ನಡೆಯುವುದಿಲ್ಲ. ಸೆರಗು ಸರಿಮಾಡಿಕೊಳ್ಳುತ್ತಾಳೆ. ಪಕ್ಕದ ಅಂಗಡಿಯ ಬಳೆ ನೋಡುತ್ತಾಳೆ. ಕಾಲು ಮುಂದೆ, ಕಿವಿ ಹಿಂದೆ. ನಿಜವಾಗಿ ಬೇಡವಾದವಳು ಹಾಗೆ ನಡೆಯುವುದಿಲ್ಲ, ತನ್ನ ಪಾಡಿಗೆ ಹೋಗಿಬಿಡುತ್ತಾಳೆ. ಹಾಲಮ್ಮ ಆ ನಡಿಗೆಯನ್ನು ಬಲ್ಲವಳು. ಹತ್ತು ಹೆಜ್ಜೆ ಹೋಗಲು ಬಿಟ್ಟು, "ಬಾರವ್ವ, ಎಷ್ಟಕ್ಕೆ ಕೇಳ್ತೀಯ ಕೇಳು. ಮನೆಗೆ ಹೋಗಿ ಸುಮ್ಮನೆ ನೆನೆಸಿಕೋಬೇಡ" ಎಂದು ಕೂಗುತ್ತಿದ್ದಳು. ಆ ಹೆಂಗಸು ತಿರುಗಿ ಬರುತ್ತಿದ್ದಳು. ಹಾಲಮ್ಮ ಐದು ರೂಪಾಯಿ ಕಡಿಮೆ ಮಾಡುವಳು, ಅರ್ಧ ಗಂಟೆ ಮಾತಾಡಿಸುವಳು. ಮಗಳ ಬಾಣಂತನ, ಮಂಡಿನೋವು, ನಾದಿನಿಯ ಕಾಟ, ಎಲ್ಲವೂ ತುರಿಮಣೆಯ ಜೊತೆಗೆ ಬಂದು ಹೋಗುತ್ತಿದ್ದವು.

ವರ್ತಕನಿಗೆ ಇದು ಹಿಡಿಸದು. ಕೊಳ್ಳುವವರು ಕೊಳ್ಳುತ್ತಾರೆ, ಹೋಗುವವರು ಹೋಗುತ್ತಾರೆ, ಬೀದಿಗೆಲ್ಲ ಕೇಳುವ ಹಾಗೆ ಕರೆಯುವುದೇನು ಎಂಬುದು ಅವನ ವಾದ. ಇಪ್ಪತ್ತಾರು ವರ್ಷ ಅಂಗಡಿ ನಡೆಸಿದರೂ ಅವನು ಒಬ್ಬ ಗಿರಾಕಿಯನ್ನೂ ಹಿಂದಿನಿಂದ ಕರೆದವನಲ್ಲ. ಅದನ್ನು ಮರ್ಯಾದೆ ಎಂದುಕೊಂಡಿದ್ದ. ಮಕ್ಕಳಿಲ್ಲದ ಮನೆ. ಆ ಮನೆಯಲ್ಲಿ ಇದ್ದ ಮಾತೆಲ್ಲ ಅವಳದೇ. ಅವನು ಗೊಣಗುತ್ತಲೇ ಅದನ್ನು ಕೇಳಿಕೊಂಡು ಬದುಕಿದ.

ವರುಷಗಳು ಕಳೆದವು. ಪೇಟೆಗೆ ಬರುವವರು ಕಡಿಮೆಯಾದರು. ಜನ ಮನೆಯಲ್ಲೇ ಕೂತು ಫೋನಿನಲ್ಲಿ ಕೊಳ್ಳತೊಡಗಿದರು. ವರ್ತಕ ಇದನ್ನು ನೋಡಿ, ನಾವೂ ಫೋನಿನೊಳಗೆ ಒಂದು ಅಂಗಡಿ ಇಡೋಣ ಎಂದ. ಅವನ ಯೋಚನೆ ತಪ್ಪೆಂದು ನಾನು ಹೇಳುವುದಿಲ್ಲ. ನೀನೂ ಅದನ್ನೇ ಮಾಡುತ್ತಿದ್ದೀಯಲ್ಲ.

ಹಾಲಮ್ಮ ಮಾತ್ರ ಬೇಡ ಎಂದಳು. ಅಲ್ಲಿ ಜನ ಬಂದರೂ ಕಾಣುವುದಿಲ್ಲ, ಹೋದರೂ ಕಾಣುವುದಿಲ್ಲ, ಯಾರನ್ನು ಮಾತಾಡಿಸುವುದು ಎಂದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಒಂದು ವಾರ ಹಾಗೆ ನಡೆಯಿತು. ಕೊನೆಗೊಂದು ದಿನ, ಇಬ್ಬರು ಗಿರಾಕಿಗಳು ಎದುರಿಗೆ ನಿಂತಿರುವಾಗಲೇ, ವರ್ತಕ ಅಂದುಬಿಟ್ಟ: "ನಿನ್ನ ಬಾಯಿಂದಲೇ ವ್ಯಾಪಾರ ಕೆಟ್ಟಿದ್ದು. ಕರೆದು ಕರೆದು ಅಂಗಡಿಯ ಮಾನ ಕಳೆದೆ. ಹೊಸ ಅಂಗಡಿಗೆ ನಿನ್ನ ಗಂಟಲು ಬೇಕಾಗಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯೂ ಇದೆ. ಆದರೆ ಅಂದು ಆ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಮಾರನೆಯ ಬೆಳಿಗ್ಗೆ ಹಾಲಮ್ಮ ಒಂದು ಚೀಲಕ್ಕೆ ನಾಲ್ಕು ಸೀರೆ ತುಂಬಿಕೊಂಡು ತಂಗಿಯ ಊರಿಗೆ ಹೊರಟಳು. ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡಳು. ಮೆಟ್ಟಿಲಿಳಿದು ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದಳು. ಪಕ್ಕದ ಬಳೆ ಅಂಗಡಿಯ ಮುಂದೆ ನಿಂತಳು. ಹಿಟ್ಟಿನ ಗಿರಣಿಯ ತಿರುವಿನ ತನಕ ನಿಧಾನವಾಗಿ ನಡೆದಳು. ವರ್ತಕ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಎಲ್ಲವನ್ನೂ ನೋಡಿದ. ಕೂಗು ನಾಲಿಗೆಯ ತನಕ ಬಂತು. ಅವನು ಅದನ್ನು ನುಂಗಿಕೊಂಡು ತಲೆ ತಗ್ಗಿಸಿ ಫೋನು ನೋಡುತ್ತ ಕೂತ. ತಲೆ ಎತ್ತಿದಾಗ ತಿರುವಿನಲ್ಲಿ ಯಾರೂ ಇರಲಿಲ್ಲ.

ನಮ್ಮ ಕಡೆ ಮುನಿದು ಹೋದ ಹೆಂಡತಿಯನ್ನು ಗಂಡ ಹೋಗಿ ಕರೆದುಕೊಂಡು ಬರಬೇಕು. ತಾನಾಗಿ ಬಂದರೆ ಅವಳಿಗೆ ಅವಮಾನ, ಕರೆಯದೆ ಇದ್ದರೆ ಅವನಿಗೆ ಅವಮಾನ. ಬೀದಿಯವರು ಕೇಳಿದರು, "ಕರೆಯೋಕೆ ಹೋಗಲಿಲ್ವಾ?" ಅಂತ. ಹೋದವಳಿಗೆ ಬರುವ ದಾರಿಯೂ ಗೊತ್ತಿದೆ ಎಂದು ವರ್ತಕ ಹೇಳಿಕೊಂಡು ತಿರುಗಿದ. ಒಳಗೆ ಮಾತ್ರ ಅವನು ಬೇರೊಂದು ಲೆಕ್ಕ ಹಾಕಿದ್ದ. ಹೊಸ ಅಂಗಡಿ ಒಂದು ಕುಂದೂ ಇಲ್ಲದೆ ನಡೆಯಲಿ. ಸುದ್ದಿ ತಂಗಿಯ ಊರಿಗೆ ಮುಟ್ಟುತ್ತದೆ. ತಾನು ಹೇಳಿದ್ದೇ ಸರಿ ಎಂದು ಅವಳಿಗೆ ತಿಳಿಯುತ್ತದೆ. ಆಗ ತಾನಾಗಿ ಬರುತ್ತಾಳೆ, ಬಾಯಿಬಿಟ್ಟು ಕರೆಯುವ ಪ್ರಮೇಯವೇ ಬರುವುದಿಲ್ಲ. ಅವಳು ಬರಬೇಕೆಂಬ ಆಸೆ ಅವನಿಗೆ ಬೆಟ್ಟದಷ್ಟಿತ್ತು. ಆ ಆಸೆಯನ್ನೆಲ್ಲ ಅವನು ಅಂಗಡಿಯ ಮೇಲೆ ಹೊರಿಸಿದ.

ಕಂಪ್ಯೂಟರಿನವನೊಬ್ಬನನ್ನು ಹಿಡಿದು ಅಂಗಡಿ ಕಟ್ಟಿಸಿದ. ಮೊದಲು ಸಿಕ್ಕಿದ್ದು ತಿಂಗಳ ಬಾಡಿಗೆಯ ಸಿದ್ಧ ಅಂಗಡಿ. ಅದರಲ್ಲಿ ಸಾಮಾನಿನ ಫೋಟೋ ಚೆನ್ನಾಗಿ ಬರುತ್ತಿತ್ತು. ಜನ ಬಂದರು, ಬುಟ್ಟಿಗೆ ಹಾಕಿದರು. ಆದರೆ ಹಣ ಕೊಡುವ ಮೊದಲು ಖಾತೆ ತೆರೆ, ಗುಪ್ತಪದ ಬರೆ, ಅದನ್ನೇ ಮತ್ತೊಮ್ಮೆ ಬರೆ ಎಂದು ಅದು ಕೇಳುತ್ತಿತ್ತು. ಒಂದು ಈಳಿಗೆಮಣೆಗೆ ಇಷ್ಟೊಂದು ಜಾತಕ ಕೇಳಿದರೆ ಯಾರು ಕೊಟ್ಟಾರು? ನಲವತ್ತು ಬುಟ್ಟಿ ತುಂಬಿದರೆ ಮೂವತ್ತು ಅಲ್ಲೇ ಉಳಿಯುತ್ತಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ವರ್ತಕ ಸಂಕಟಪಟ್ಟ.

ಎರಡನೆಯದನ್ನು ತಂದ. ಅದರಲ್ಲಿ ಖಾತೆ ಬೇಡ. ಹೆಸರು, ವಿಳಾಸ, ಫೋನ್ ನಂಬರು ಬರೆದರೆ ಸಾಕು. ಆದರೆ ಹಣ ಕೊಡುವ ಗುಂಡಿ ಒತ್ತಿದ ಕೂಡಲೇ ಅದು ಗಿರಾಕಿಯನ್ನು ಇನ್ನೆಲ್ಲಿಗೋ ಕರೆದೊಯ್ಯುತ್ತಿತ್ತು. ಕೇಳದ ಹೆಸರು, ಕಾಣದ ಬಣ್ಣ, ಬರೀ ಇಂಗ್ಲಿಷು. ಹಣ ಯಾರ ಪಾಲಾಗುತ್ತದೋ ಎಂದು ಜನ ಹೆದರಿ ಹಿಂದೆ ಸರಿದರು. ಉಳಿದ ಬುಟ್ಟಿಗಳು ಮೂವತ್ತರಿಂದ ಹದಿನೈದಕ್ಕೆ ಇಳಿದವು.

ಮೂರನೆಯದರಲ್ಲಿ ಎಲ್ಲವೂ ಒಂದೇ ಪುಟದಲ್ಲಿ. ಫೋನಿನಲ್ಲಿ ಯುಪಿಐ ತೆರೆದು ಒತ್ತಿದರೆ ಮುಗಿಯಿತು. ನೂರಕ್ಕೆ ಎರಡು ರೂಪಾಯಿ ಅವರ ಪಾಲು. ವರ್ತಕ ಹಲ್ಲು ಕಚ್ಚಿ ಒಪ್ಪಿಕೊಂಡ. ಉಳಿದ ಬುಟ್ಟಿಗಳು ಆರಕ್ಕೆ ಇಳಿದವು. ಸಾಮಾನು ಕೈಗೆ ಬಂದ ಮೇಲೆ ಹಣ ಕೊಡುತ್ತೇವೆ ಎನ್ನುವವರಿಗಾಗಿ ಆ ದಾರಿಯನ್ನೂ ತೆರೆದ. ಆರು ಒಂದಕ್ಕೆ ಬಂತು.

ಆ ಒಂದು ಮಾತ್ರ ಹೋಗಲಿಲ್ಲ. ಪ್ರತಿ ಬುಧವಾರ ಹನ್ನೊಂದು ಗಂಟೆಗೆ ಒಂದು ಬುಟ್ಟಿ. ಅದರಲ್ಲಿ ಒಂದೇ ಒಂದು ಮರದ ಸೌಟು. ಕೇಳಿದ್ದನ್ನೆಲ್ಲ ತುಂಬಿಸಿ, ಹಣ ಕೊಡುವ ಗುಂಡಿಯ ಮುಂದೆ ಬಂದು ನಿಂತುಬಿಡುವ ಬುಟ್ಟಿ. ಮೊದಲನೆಯ ವ್ಯವಸ್ಥೆಯಲ್ಲೂ ಅದು ಇತ್ತು, ಎರಡನೆಯದರಲ್ಲೂ ಇತ್ತು, ಮೂರನೆಯದರಲ್ಲೂ ಇತ್ತು. ಜಾಸ್ತಿ ಬುಟ್ಟಿಗಳ ನಡುವೆ ಕಂಡಿರಲಿಲ್ಲ, ಅಷ್ಟೇ. ಈಗ ಉಳಿದೆಲ್ಲ ಜರಡಿಯಲ್ಲಿ ಇಳಿದುಹೋಗಿ ಅದೊಂದೇ ಮೇಲೆ ಉಳಿಯಿತು.

ಈ ಹೊತ್ತಿಗೆ ಐದು ತಿಂಗಳಾಗಿತ್ತು. ವ್ಯಾಪಾರ ಕುದುರಿತ್ತು. ವರ್ತಕ ಪೇಟೆಯ ಅಂಗಡಿಯ ಬಾಗಿಲನ್ನು ಅರ್ಧ ಇಳಿಸಿಕೊಂಡು ಒಳಗೆ ಕೂತು ಸಾಮಾನು ಕಟ್ಟುತ್ತಿದ್ದ. ಕೊರಿಯರಿನವನು ಬಂದು ಪೊಟ್ಟಣ ಎತ್ತಿಕೊಂಡು, ಫೋನಿನಲ್ಲಿ ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ಅವನ ಕಿವಿಯಲ್ಲಿ ಯಾವಾಗಲೂ ಹಾಡು. ವರ್ತಕನೊಡನೆ ಒಂದು ಮಾತಾಡುವವರು ಇಡೀ ದಿನದಲ್ಲಿ ಯಾರೂ ಇರಲಿಲ್ಲ. ಸಂಜೆ ಹಾಲಿನವನು ಬಂದಾಗ "ಅರ್ಧ ಲೀಟರ್" ಎನ್ನಲು ಬಾಯಿ ತೆರೆದರೆ ಗಂಟಲು ಕಟ್ಟಿಕೊಂಡಿರುತ್ತಿತ್ತು. ಕೆಮ್ಮಿ ಸರಿಮಾಡಿಕೊಂಡು ಹೇಳಬೇಕಾಗುತ್ತಿತ್ತು. ಇಬ್ಬರ ಅಳತೆಗೆ ಅಕ್ಕಿ ಹಾಕಿಬಿಡುತ್ತಿದ್ದ. ಮಿಕ್ಕ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡಿಕೊಂಡು ನಿಂತುಕೊಂಡೇ ತಿನ್ನುತ್ತಿದ್ದ. ಯಾರ ಮೇಲೆ ಗೊಣಗಬೇಕೋ ಅವರಿಲ್ಲದ ಮನೆಯಲ್ಲಿ ಗೊಣಗುವುದೂ ನಿಂತುಹೋಯಿತು. ಒಂಟಿತನವೆಂದರೆ ಏನೆಂದು ಐವತ್ತೆಂಟನೆಯ ವಯಸ್ಸಿನಲ್ಲಿ ಅವನು ಮೊದಲ ಸಲ ಕಲಿತ. ಆದರೂ ಹೋಗಿ ಕರೆಯಲಿಲ್ಲ. ಅಂಗಡಿ ಇನ್ನೂ ಪೂರ್ತಿ ಸರಿಯಾಗಿಲ್ಲ, ಆ ಒಂದು ಬುಟ್ಟಿ ಉಳಿದಿದೆ ಎಂಬುದು ಅವನು ತನಗೆ ತಾನೇ ಹೇಳಿಕೊಂಡ ನೆಪ.

ಕಂಪ್ಯೂಟರಿನವನನ್ನು ಕರೆಸಿದ. ನಿನ್ನ ವ್ಯವಸ್ಥೆಯಲ್ಲಿ ಎಲ್ಲೋ ದೋಷವಿದೆ, ಇಲ್ಲದಿದ್ದರೆ ಇದೊಂದು ಯಾಕೆ ನಿಲ್ಲುತ್ತದೆ ಎಂದು ದಬಾಯಿಸಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಮನುಷ್ಯ ಒಳ್ಳೆಯವನು. ಎಲ್ಲವನ್ನೂ ಒಂದು ಗಂಟೆ ಪರೀಕ್ಷಿಸಿದ.

"ಯಜಮಾನ್ರೇ, ದೋಷ ಏನೂ ಇಲ್ಲ," ಎಂದ. "ಇಲ್ಲಿ ಒಂದು ಸಲ ಒತ್ತಿದರೆ ಅವರ ಹೆಸರು, ನಂಬರು ಎಲ್ಲಾ ಬರುತ್ತೆ. ಫೋನ್ ಮಾಡಿ ಕೇಳಿಬಿಡಿ, ಯಾಕೆ ಬಿಟ್ಟು ಹೋಗ್ತೀರಿ ಅಂತ."

"ಕೊಂಡವರ ಹೆಸರು ಬರೆದುಕೊಳ್ಳುವುದುಂಟು. ಬಿಟ್ಟು ಹೋದವರ ಹೆಸರು ಕಟ್ಟಿಕೊಂಡು ನಾನೇನು ಮಾಡಲಿ?" ಎಂದ ವರ್ತಕ. "ಹಿಂದಿನಿಂದ ಕರೆಯುವುದು ನನಗೆ ಅಭ್ಯಾಸವಿಲ್ಲ."

"ನೀವು ಕರೆಯೋದೇ ಬೇಡ ಬಿಡಿ. ಇದೇ ಕರೆಯುತ್ತೆ. ಬುಟ್ಟಿ ಬಿಟ್ಟ ಒಂದು ಗಂಟೆಗೆ ಒಂದು ಮೆಸೇಜ್ ತಾನಾಗಿ ಹೋಗುತ್ತೆ. ಸ್ವಲ್ಪ ರಿಯಾಯಿತಿ ಇಟ್ಟರೆ ಮುಗೀತು, ಎಂಥವರೂ ಬಂದು ಹಣ ಕಟ್ತಾರೆ."

ವರ್ತಕನಿಗೆ ಇದು ಬಹಳ ಇಷ್ಟವಾಯಿತು. ಕರೆದ ಹಾಗೂ ಆಯಿತು, ಬಾಯಿ ಬಿಡಲಿಲ್ಲ ಎಂದೂ ಆಯಿತು. ತಿಂಗಳಿಗೆ ಇಷ್ಟು ಎಂದು ಒಪ್ಪಿಕೊಂಡು ಮೆಸೇಜಿನ ಮಾತುಗಳನ್ನು ತಾನೇ ಕೂತು ಬರೆದ. "ಪ್ರಿಯ ಗ್ರಾಹಕರೇ, ನಿಮ್ಮ ಬುಟ್ಟಿಯಲ್ಲಿ ಒಂದು ವಸ್ತು ಉಳಿದಿದೆ. ಇಪ್ಪತ್ನಾಲ್ಕು ಗಂಟೆಯೊಳಗೆ ಕೊಂಡರೆ ಶೇಕಡಾ ಹತ್ತು ರಿಯಾಯಿತಿ." ಎರಡು ಸಲ ಓದಿ ನೋಡಿ, ಸರಿಯಾಗಿದೆ ಎಂದುಕೊಂಡ. ಈ ಎರಡು ಸಾಲಿನ ವಿಷಯದಲ್ಲಿ ಅವನು ತೋರಿಸಿದ ಶ್ರದ್ಧೆಯನ್ನು ನೀನು ನೋಡಬೇಕಿತ್ತು.

ಬುಧವಾರ ಬಂತು. ಹನ್ನೊಂದು ಗಂಟೆಗೆ ಬುಟ್ಟಿ ಬಂತು, ಸೌಟು ಬಂತು, ಬುಟ್ಟಿ ನಿಂತಿತು. ವರ್ತಕ ಕಂಪ್ಯೂಟರಿನ ಮುಂದೆಯೇ ಕೂತಿದ್ದ. ಹನ್ನೆರಡಕ್ಕೆ ಮೆಸೇಜು ಹೋಯಿತು. ಐದು ನಿಮಿಷ ಏನೂ ಆಗಲಿಲ್ಲ. ಹತ್ತು ನಿಮಿಷ ಏನೂ ಆಗಲಿಲ್ಲ. ಹನ್ನೆರಡೂಕಾಲಿಗೆ ಹಣ ಬಂತು.

ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ಎದ್ದು ಅಂಗಡಿಯೊಳಗೇ ಎರಡು ಸುತ್ತು ತಿರುಗಿದ. ಎದುರಿನ ಹೋಟೆಲಿಗೆ ಹೋಗಿ ಕಾಫಿ ಕುಡಿದು, ಕಾಫಿ ಕೊಟ್ಟವನಿಗೆ ನನ್ನ ಅಂಗಡಿಯಲ್ಲಿ ಈಗ ಒಂದೇ ಒಂದು ಕುಂದಿಲ್ಲ ಎಂದು ಹೇಳಿಬಂದ. ಅವನು ಏನೂ ಅರ್ಥವಾಗದೆ ತಲೆಯಾಡಿಸಿದ. ಇನ್ನು ತಂಗಿಯ ಊರಿಗೆ ಸುದ್ದಿ ಮುಟ್ಟುವುದೊಂದೇ ಬಾಕಿ ಎಂದುಕೊಂಡು ವರ್ತಕ ತಿರುಗಿ ಬಂದ.

ಇರುವುದರಲ್ಲಿ ಒಳ್ಳೆಯ ಸೌಟೊಂದನ್ನು ಆರಿಸಿದ. ಕಾಗದ ಸುತ್ತಿ, ದಾರ ಕಟ್ಟಿದ. ಪೊಟ್ಟಣದ ಮೇಲೆ ಅಂಟಿಸುವ ಚೀಟಿ ಯಂತ್ರದಿಂದ ಹೊರಗೆ ಬಂತು. ಅಂಟಿಸಿದ ಮೇಲೆ ಅದನ್ನು ಓದಿದ.

ಹಾಲಮ್ಮ ಎಂದಿತ್ತು. ಕೆಳಗೆ ತಂಗಿಯ ಗಂಡನ ಹೆಸರು, ಅವರ ಬೀದಿ, ಅವರ ಊರು. ಕೆಳಗಿನ ಫೋನ್ ನಂಬರು ಅವನಿಗೆ ಬಾಯಿಪಾಠವಾಗಿದ್ದದ್ದು.

ಅವನು ಪೊಟ್ಟಣವನ್ನು ಕೆಳಗಿಟ್ಟ. ಕಂಪ್ಯೂಟರಿನವನು ತೋರಿಸಿದ್ದ ಜಾಗದಲ್ಲಿ ಒತ್ತಿದ. ಅಲ್ಲಿ ಬಿಟ್ಟು ಹೋದವರ ಹೆಸರುಗಳಿದ್ದವು. ಹಿಂದಿನ ಬುಧವಾರ ನೋಡಿದ, ಹಾಲಮ್ಮ. ಅದರ ಹಿಂದಿನದು ನೋಡಿದ, ಹಾಲಮ್ಮ. ಹಳೆಯ ಎರಡು ವ್ಯವಸ್ಥೆಗಳ ಪಟ್ಟಿಯನ್ನೂ ಹುಡುಕಿ ತೆಗೆದ. ಅವಳು ಹೋದ ಎರಡನೆಯ ವಾರದಿಂದ ಹಿಡಿದು ಇಪ್ಪತ್ತೆರಡು ಬುಧವಾರ. ಒಂದು ವಾರವೂ ತಪ್ಪಿರಲಿಲ್ಲ. ಬುಧವಾರ ವರ್ತಕನ ಊರಿನ ಸಂತೆ. ಹನ್ನೊಂದು ಗಂಟೆಗೆ ಸಂತೆಯ ಹೆಂಗಸರು ಅಂಗಡಿಗೆ ಬರುತ್ತಿದ್ದರು, ಹಾಲಮ್ಮ ಅವರನ್ನು ಹಿಂದಿನಿಂದ ಕೂಗುತ್ತಿದ್ದಳು. ಮೊದಲನೆಯ ವ್ಯವಸ್ಥೆ ಖಾತೆ ಕೇಳಿದಾಗ ಅಷ್ಟು ಜನ ಬೇಸತ್ತು ಹೋಗಿದ್ದರಲ್ಲ, ಅವಳು ಗುಪ್ತಪದವನ್ನು ಎರಡೆರಡು ಸಲ ಬರೆದು ಖಾತೆ ತೆರೆದಿದ್ದಳು. ಇಂಗ್ಲಿಷ್ ಬಾರದವಳು ಇಂಗ್ಲಿಷಿನ ಪುಟದ ತನಕ ಬಂದಿದ್ದಳು.

ವರ್ತಕ ಫೋನು ಎತ್ತಿಕೊಂಡ. ಎರಡು ಸಲ ಕೆಳಗಿಟ್ಟು ಮೂರನೆಯ ಸಲ ಒತ್ತಿದ.

"ಹಣ ಬಂತಲ್ಲ?" ಎಂದಳು ಹಾಲಮ್ಮ, ಅವನು ಬಾಯಿ ತೆರೆಯುವ ಮೊದಲೇ.

"ಬಂತು."

"ರಿಯಾಯಿತಿ ತಗೊಂಡಿಲ್ಲ. ಪೂರ್ತಿ ಕೊಟ್ಟಿದ್ದೀನಿ, ನೋಡಿಕೊಳ್ಳಿ."

"ನೀನು ಅಂತ ನನಗೆ ಗೊತ್ತಾಗಲಿಲ್ಲ," ಎಂದ ಅವನು.

"ಹೆಸರು ಬರೆದಿದ್ದೆನಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವನಿಗೆ ಬಾ ಎನ್ನಬೇಕಿತ್ತು. ಒಂದೇ ಅಕ್ಷರ. ಎಷ್ಟೋ ಸಾವಿರ ಸಲ ಅವಳು ಬೀದಿಯ ಕಡೆಗೆ ಎಸೆದದ್ದು, ಯಾರ ಯಾರಿಗೋ, ಐದು ರೂಪಾಯಿಯ ವ್ಯಾಪಾರಕ್ಕೆ. ಅವನಿಗೆ ಹೇಳಲಾದದ್ದು ಇಷ್ಟೇ:

"ಸೌಟನ್ನು ನಾನೇ ತಂದುಕೊಡಲೇ?"

ಆ ಮನೆಯಲ್ಲಿ ಕುಕ್ಕರ್ ಕೂಗಿದ್ದು ಅವನಿಗೆ ಕೇಳಿಸಿತು.

"ಬೇಡ," ಎಂದಳು. "ಕೊರಿಯರಿನಲ್ಲೇ ಹಾಕಿ. ಅದರ ದುಡ್ಡೂ ಕೊಟ್ಟಿದ್ದೀನಿ."

ಫೋನು ನಿಂತಿತು. ಮೂರು ಗಂಟೆಗೆ ಕೊರಿಯರಿನವನು ಬಂದ. ವರ್ತಕ ಪೊಟ್ಟಣ ಕೊಡಲು ಹಿಂದೆ ಮುಂದೆ ನೋಡಿದ. ಅವನು ಕಿವಿಯಲ್ಲಿ ಹಾಡು ಹಾಕಿಕೊಂಡೇ ಕೈ ಚಾಚಿ ಈಸಿಕೊಂಡು ಹೋದ.

ಮುಂದಿನ ಬುಧವಾರ ವರ್ತಕ ಹತ್ತು ಗಂಟೆಗೇ ಕಂಪ್ಯೂಟರಿನ ಮುಂದೆ ಕೂತ. ಹನ್ನೊಂದಾಯಿತು, ಹನ್ನೆರಡಾಯಿತು. ಸಂಜೆ ಆರರ ತನಕ ಕೂತಿದ್ದ. ಈ ವಾರ ಬಿಟ್ಟು ಹೋದವರು ಸೊನ್ನೆ ಎಂದು ಪರದೆಯ ಮೇಲೆ ಬಂತು. ಪಕ್ಕದಲ್ಲಿ ಒಂದು ಹಸಿರು ಗುರುತು. ಅವನು ಅಷ್ಟು ತಿಂಗಳು ಕಷ್ಟಪಟ್ಟದ್ದು ಆ ಗುರುತಿಗಾಗಿ. ಆಮೇಲೆ ಎಷ್ಟೋ ಬುಧವಾರ ಬಂದವು, ಹಸಿರು ಗುರುತು ತಪ್ಪಲಿಲ್ಲ. ಅವನು ಈಗಲೂ ಇಬ್ಬರ ಅಳತೆಗೇ ಅಕ್ಕಿ ಹಾಕುತ್ತಾನೆ ಎಂದು ಕೇಳಿದ್ದೇನೆ.

ಗುರುಗಳು ಹೇಳುವುದನ್ನು ನಿಲ್ಲಿಸಿದರು. ಮೂರು ಕಾಗದಗಳನ್ನೂ ಜೋಡಿಸಿ ಶಿಷ್ಯನ ಕೈಗೆ ತಿರುಗಿ ಕೊಟ್ಟರು. ಶಿಷ್ಯ ಅವನ್ನು ಹಿಡಿದುಕೊಂಡು ಏಳದೆ ಕೂತಿದ್ದ. ಅವನಿಗೆ ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ.

"ಅಷ್ಟೆಲ್ಲ ಅನುಕೂಲ ಮಾಡಿಕೊಟ್ಟರೂ ಆಕೆ ಅಷ್ಟು ಸಲ ಯಾಕೆ ಬಿಟ್ಟು ಹೋದಳು, ಗುರುಗಳೇ?" ಎಂದು ಕೇಳಿದ.

"ಹಣ ಕೊಡದೆ ಇದ್ದಷ್ಟು ದಿನ ಆಕೆ ಎಲ್ಲಿಗೂ ಹೋಗಿರಲಿಲ್ಲಪ್ಪ," ಎಂದರು ಗುರುಗಳು, "ಹೋದದ್ದು ಹಣ ಕೊಟ್ಟ ದಿನ."